ಹದ ಬಂದ ಹೊಲದಲ್ಲಿ ನಾಲ್ಕು ಮೊಟ್ಟೆ

ಬೈಕ್ ಇಲ್ಲೇ ನಿಲ್ಲಿಸಿ, ಹುಣಸೆಮರದ ಬುಡದಲ್ಲಿ. ಬದುವಿನವರೆಗೆ ತಂದರೆ ನಾವು ಇಳಿಯುವ ಮೊದಲೇ ಹಕ್ಕಿ ಎದ್ದುಬಿಡುತ್ತದೆ. ಈಗ ಬೆಳಗಿನ ಆರೂಕಾಲು. ಬೆನ್ನ ಹಿಂದೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಶಿಕಾರಿಪುರದ ಕಡೆಗೆ ಹೊರಟ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಮುಂದೆ ಅಬ್ಬಲಗೆರೆಯ ಆಚೆಗಿನ ಕೆಂಪು ಹೊಲ. ಹೋದ ವರ್ಷದ ಮೆಕ್ಕೆಜೋಳದ ಕೂಳೆ ಅಲ್ಲಲ್ಲಿ ಇನ್ನೂ ನಿಂತಿದೆ. ಮೊನ್ನೆ ರಾತ್ರಿ ಗುಡುಗಿ ಸಿಡಿದು ಒಳ್ಳೆ ಮಳೆಯಾಗಿದೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿಮಾಡಿ ನೋಡಿ. ಉಂಡೆ ಕಟ್ಟುತ್ತದೆ, ಬೆರಳಿನಿಂದ ತಟ್ಟಿದರೆ ಉದುರುತ್ತದೆ. ಹದ ಬಂದಿದೆ. ಇವತ್ತೋ ನಾಳೆಯೋ ಟ್ರ್ಯಾಕ್ಟರ್ ಇಳಿಯುತ್ತದೆ. ಅದಕ್ಕೆ ಮೊದಲೇ ನಾವಿಲ್ಲಿ ಇರಬೇಕಿತ್ತು, ಇದ್ದೇವೆ.

ಪುಸ್ತಕದಲ್ಲಿ ಬರೆದುಕೊಳ್ಳಿ: ಉಳುಮೆ ಆಗಿಲ್ಲ, ಗಾಳಿ ಇಲ್ಲ, ಅರ್ಧ ಮೋಡ. ಫೋನಿನ ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಶುರುಮಾಡಿ. ಹದಿನೈದು ನಿಮಿಷ ನಿಂತಲ್ಲೇ ನಿಂತು, ಕಂಡದ್ದು ಕೇಳಿಸಿದ್ದು ಅಷ್ಟನ್ನೂ ಬರೆಯಬೇಕು. ಕಾಗೆ, ಮೈನಾ, ಬೆಳ್ಳಕ್ಕಿ ಯಾವುದನ್ನೂ ಬಿಡುವ ಹಾಗಿಲ್ಲ. ಎಲ್ಲವನ್ನೂ ಬರೆದ ಪಟ್ಟಿ ಎಂದು ನಾವು ಖಾತ್ರಿ ಕೊಟ್ಟರೆ ಮಾತ್ರ ಅದರಲ್ಲಿ ಇಲ್ಲದ ಹಕ್ಕಿಗೂ ಬೆಲೆ ಬರುತ್ತದೆ. ಇಂಥ ದಿನ, ಇಂಥ ಹೊಲದಲ್ಲಿ, ಹುಡುಕಿದರೂ ಅದು ಸಿಗಲಿಲ್ಲ ಎಂದು ಗೊತ್ತಾಗುತ್ತದೆ. ಮೊದಲ ಸಲ ಬಂದವರು ಅಪರೂಪದ ಹಕ್ಕಿಗಾಗಿ ಕಾಯುತ್ತಾರೆ. ನೀವು ಕಾಯಬೇಡಿ. ಇವತ್ತು ನಾವು ಬಂದಿರುವುದು ಎಲ್ಲರಿಗೂ ಗೊತ್ತಿರುವ, ಯಾರೂ ಎಣಿಸದ ಹಕ್ಕಿಗಾಗಿ.

ಇವತ್ತು ಮೇ ತಿಂಗಳ ಎರಡನೇ ಶನಿವಾರ. ಸರ್ಕಾರಿ ಕಚೇರಿಗಳಿಗೆ ರಜೆ. ಹಕ್ಕಿ ನೋಡುವವರಿಗೆ ಜಗತ್ತಿನಾದ್ಯಂತ ಎಣಿಕೆಯ ದಿನ. ನಮ್ಮ ದೇಶದಲ್ಲಿ ಇದೇ ದಿನ, ದಕ್ಷಿಣ ಏಷ್ಯಾ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿಗಳನ್ನು ಹುಡುಕಿ ದಾಖಲಿಸುವ ರೂಢಿಯೂ ಬೆಳೆದಿದೆ. ಉಳಿದ ದೊಡ್ಡ ಎಣಿಕೆಗಳು ಹೆಚ್ಚಾಗಿ ಚಳಿಗಾಲದವು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಮನೆಯಂಗಳದ ಹಕ್ಕಿ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ, ಅದು ಫೆಬ್ರವರಿಗೆ. ಆಗ ಕೆರೆಗಳ ತುಂಬ ವಲಸೆ ಹಕ್ಕಿಗಳು, ದಂಡೆಯ ತುಂಬ ಕ್ಯಾಮೆರಾಗಳು. ಚಳಿಗಾಲದಲ್ಲಿ ಎಣಿಸಿದರೆ ಹಕ್ಕಿ ಇದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಮರಿ ಆಗುತ್ತಿದೆಯೇ ಎನ್ನುವುದು ಮೇ ತಿಂಗಳಲ್ಲಿ ಹೊಲಕ್ಕೆ ಬಂದವರಿಗೆ ಮಾತ್ರ ಗೊತ್ತು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದಂಥ ಉದ್ದಗಾಲಿನ ಹಕ್ಕಿಗಳು ವರ್ಷಗಟ್ಟಲೆ ಬದುಕುತ್ತವೆ. ಮೊಟ್ಟೆಗಳು ಸಾಲಾಗಿ ಹಾಳಾಗುತ್ತಿದ್ದರೂ ದೊಡ್ಡ ಹಕ್ಕಿಗಳು ಕಣ್ಣಮುಂದೆ ಓಡಾಡಿಕೊಂಡೇ ಇರುತ್ತವೆ, ಎಲ್ಲ ಸರಿಯಾಗಿದೆ ಎಂದು ನಾವು ನಂಬಿಕೊಂಡೇ ಇರುತ್ತೇವೆ.

ಕೇಳಿಸಿತಾ? ಟಿಟಿ-ಟುಯ್, ಟಿಟಿ-ಟುಯ್. ಎಡಕ್ಕೆ, ಕೃಷಿ ಹೊಂಡದ ಏರಿಯ ಕಡೆಯಿಂದ. ಕೆಂಪು ಟಿಟ್ಟಿಭ. ದುರ್ಬೀನು ಎತ್ತಿ. ಕಪ್ಪು ತಲೆ, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮದ ಮಡಿಕೆ, ಹಳದಿ ಕಾಲು. ಒಂದು ಹಕ್ಕಿ ನಮ್ಮ ತಲೆಯ ಮೇಲೇ ಸುತ್ತುತ್ತಿದೆ. ಅದನ್ನು ನೋಡಬೇಡಿ, ಅದಕ್ಕೆ ಬೇಕಾಗಿರುವುದೇ ನಾವು ಅದನ್ನು ನೋಡುವುದು. ಇನ್ನೊಂದು ಸದ್ದಿಲ್ಲದೆ ನೆಲದ ಮೇಲೆ ಓಡುತ್ತಿದೆ, ಕೂಳೆಯ ಸಾಲುಗಳ ನಡುವೆ. ಓಡಿತು, ನಿಂತಿತು, ಕೂತಿತು. ಅಲ್ಲೇ ಗೂಡು ಎಂದು ಗುರುತು ಹಾಕಿಕೊಳ್ಳಲು ಹೊರಟಿರಾ? ತಡೆಯಿರಿ. ನೋಡುವವರಿದ್ದಾಗ ಈ ಹಕ್ಕಿ ಮೊಟ್ಟೆ ಇಲ್ಲದ ಜಾಗದಲ್ಲೂ ಕಾವಿಗೆ ಕೂತ ಹಾಗೆ ಕೂರುತ್ತದೆ. ನರಿಯನ್ನೂ ನಾಯಿಯನ್ನೂ ದಾರಿ ತಪ್ಪಿಸಲು ಕಲಿತ ವಿದ್ಯೆ, ನಮ್ಮ ಮೇಲೂ ಪ್ರಯೋಗವಾಗುತ್ತದೆ. ನೋಡಿ, ಎದ್ದಿತು. ಮತ್ತೆ ಓಡಿತು. ಹುಣಸೆಮರದ ಕಾಂಡಕ್ಕೆ ಒರಗಿ ಕೂತುಬಿಡಿ, ಮಾತು ಬೇಡ. ಮೇಲೆ ಕೂಗುತ್ತಿದ್ದದ್ದು ಇಳಿಯಲಿ.

ಈಗ. ನೆಲದ ಹಕ್ಕಿ ತಲೆ ತಗ್ಗಿಸಿ, ಎರಡು ಹೆಜ್ಜೆ ಇಟ್ಟು, ಕೆಳಗೆ ಬಗ್ಗಿ ಏನನ್ನೋ ಕೊಕ್ಕಿನಿಂದ ಸರಿಪಡಿಸಿತು. ಹೊಟ್ಟೆಯ ಗರಿ ಉಬ್ಬಿಸಿಕೊಂಡು, ಅತ್ತಿತ್ತ ಅಲುಗಿ, ನಿಧಾನವಾಗಿ ಕೂತಿತು. ಮೊಟ್ಟೆಯ ಮೇಲೆ ಕೂರುವ ಹಕ್ಕಿ ಹೀಗೆ ಕೂರುತ್ತದೆ. ಸುಳ್ಳು ಕೂರುವಿಕೆಯಲ್ಲಿ ಈ ಅಲುಗಾಟ ಸಾಮಾನ್ಯವಾಗಿ ಕಾಣುವುದಿಲ್ಲ. ದೂರದ ವಿದ್ಯುತ್ ಕಂಬ, ಈಚೆಯ ಒಂಟಿ ಎಕ್ಕದ ಗಿಡ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟುಕೊಂಡು ಜಾಗ ನೆನಪಿಡಿ.

ಗೂಡಿನ ಹತ್ತಿರ ಒಂದೇ ಸಲ ಹೋಗಬೇಕು, ಬೆಳಗಿನ ತಂಪಿನಲ್ಲೇ ಹೋಗಬೇಕು. ಬಿಸಿಲೇರಿದ ಮೇಲೆ ಹಕ್ಕಿಯನ್ನು ಎಬ್ಬಿಸಿದರೆ ಬರಿ ನೆಲದ ಕಾವಿಗೆ ಮೊಟ್ಟೆ ಒಳಗೇ ಬೆಂದುಹೋಗುತ್ತದೆ. ಬಂದ ದಾರಿಯಲ್ಲೇ ಹಿಂತಿರುಗಬೇಡಿ, ಗೂಡನ್ನು ದಾಟಿ ಮುಂದೆ ಹೋಗಿ ಬಳಸಿ ಬನ್ನಿ. ಗೂಡಿನ ಹತ್ತಿರ ಕೊನೆಯಾಗುವ ಹೆಜ್ಜೆಯ ಜಾಡು ನಾಯಿಗೂ ಮುಂಗುಸಿಗೂ ನಾವೇ ಬರೆದುಕೊಟ್ಟ ವಿಳಾಸ. ಮೇಲೆ ಕಾಗೆ ಇದ್ದರೆ ಹೋಗುವುದೇ ಬೇಡ. ಫೋಟೊ ಬೇಡ.

ಬನ್ನಿ. ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ಟರೆ ತುಳಿಯುತ್ತೀರಿ.

ಗೂಡು ಎನ್ನಲು ಏನೂ ಇಲ್ಲ. ಅಂಗೈ ಅಗಲದ ಒಂದು ತಗ್ಗು, ಅದರ ಅಂಚಿಗೆ ಸಣ್ಣ ಕಲ್ಲುಚೂರು, ಒಂದಷ್ಟು ಒಣಗಿದ ಆಡಿನ ಹಿಕ್ಕೆ. ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಕ್ಕೆ, ಮೊಂಡು ತುದಿಗಳು ಹೊರಕ್ಕೆ. ಹೀಗೆ ಜೋಡಿಸಿದರೆ ನಾಲ್ಕೂ ಒತ್ತಾಗಿ ಸೇರಿ ಒಂದೇ ಹೊಟ್ಟೆಯ ಕೆಳಗೆ ಹಿಡಿಯುತ್ತವೆ. ಮಣ್ಣಿನದೇ ಮಾಸಲು ಬಣ್ಣ, ಅದರ ಮೇಲೆ ಕಪ್ಪು, ಕಂದು ಮಚ್ಚೆ. ಒಂದು ಮೊಟ್ಟೆಗೆ ಮೊನ್ನೆಯ ಮಳೆಯ ಕೆಸರು ಸಿಡಿದು ಒಣಗಿದೆ. ಕಣ್ಣು ಪಕ್ಕಕ್ಕೆ ತಿರುಗಿಸಿ ಮತ್ತೆ ನೋಡಿ, ಮತ್ತೆ ಹುಡುಕಬೇಕಾಗುತ್ತದೆ. ನಮಗೇ ಹೀಗಾದರೆ, ಐದು ಅಡಿ ಎತ್ತರದಲ್ಲಿ ಕೂತು, ಹಿಂದಿನ ರೋಟವೇಟರ್ ಕಡೆಗೆ ಒಂದು ಕಣ್ಣಿಟ್ಟು ಟ್ರ್ಯಾಕ್ಟರ್ ಓಡಿಸುವ ಹುಡುಗನಿಗೆ ಇದು ಹೇಗೆ ಕಂಡೀತು? ಅವನ ಮೇಲೆ ಸಿಟ್ಟು ಮಾಡಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಕ್ಕಿ ಲಕ್ಷಾಂತರ ವರ್ಷ ಕಷ್ಟಪಟ್ಟು ಕಲಿತದ್ದು ಕಾಣದೆ ಇರುವುದನ್ನೇ.

ಸಾಕು, ನಡೆಯಿರಿ. ಆ್ಯಪ್‌ನಲ್ಲಿ ಹಕ್ಕಿಯ ಹೆಸರಿನ ಮುಂದೆ ‘ಮೊಟ್ಟೆಯಿರುವ ಗೂಡು’ ಎಂಬ ಸಂಕೇತ ಹಾಕಿ. ಜಾಗಕ್ಕೆ ಊರಿನ ಹೆಸರಷ್ಟೇ ಸಾಕು, ಹೊಲದ ನಿಖರ ಗುರುತು ನಮ್ಮ ಪುಸ್ತಕದಲ್ಲಿರಲಿ.

ಅಗೋ, ಬದುವಿನ ಆಚೆ ಟಿವಿಎಸ್ ಎಕ್ಸೆಲ್ ನಿಂತಿತು. ಹೊಲದ ಯಜಮಾನರು. ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಅನುಮಾನ.

“ಏನ್ ಸಾರ್, ಸರ್ವೇನಾ? ಯಾವ ಇಲಾಖೆ?”

ಈ ರಸ್ತೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರುವುದು ನ್ಯಾಯವೇ. ಶಿವಮೊಗ್ಗದ ಕಡೆಯಿಂದ ಲೇಔಟುಗಳು ವರ್ಷ ವರ್ಷ ಮುಂದೆ ಬರುತ್ತಿವೆ. ಹೊಲದಲ್ಲಿ ಪುಸ್ತಕ ಹಿಡಿದು ನಿಂತವರನ್ನು ಕಂಡರೆ ರೈತನಿಗೆ ಮೊದಲು ನೆನಪಾಗುವುದು ಅಳತೆ, ಕಲ್ಲು, ನೋಟಿಸು. “ಇಲಾಖೆ ಅಲ್ಲ ಯಜಮಾನ್ರೆ, ಹಕ್ಕಿ ಎಣಿಸ್ತೀವಿ. ಸಂಬಳ ಗಿಂಬಳ ಏನಿಲ್ಲ” ಎಂದರೆ ಪೂರ್ತಿ ನಂಬಿಕೆ ಬರುವುದಿಲ್ಲ. ದುರ್ಬೀನು ಅವರ ಕೈಗೆ ಕೊಡಿ. ಎಕ್ಕದ ಗಿಡದ ಎಡಕ್ಕೆ, ಮತ್ತೂ ಎಡಕ್ಕೆ. ಕಂಡಿತು ಎನ್ನುವುದು ಅವರ ಬಾಯಿ ತೆರೆದದ್ದರಲ್ಲೇ ಗೊತ್ತಾಗುತ್ತದೆ.

“ಅಯ್ಯೋ, ಇದಾ! ಇದು ಪ್ರತಿ ವರ್ಷ ಇಲ್ಲೇ ಇಡ್ತದಲ್ಲ ಸಾರ್. ರಾತ್ರಿ ಇದು ಕೂಗಿದ್ರೆ ಹೊಲಕ್ಕೆ ಹಂದಿ ಬಂತು ಅಂತ ಎದ್ದು ಬರ್ತೀನಿ ನಾನು.”

“ಟ್ರ್ಯಾಕ್ಟರ್ ಯಾವತ್ತು?”

“ನಾಳೆ ಬೆಳಿಗ್ಗೆ ಬರ್ತಾನೆ. ಎಷ್ಟು ದಿನ ಬೇಕು ಇದು ಮರಿಯಾಗಕ್ಕೆ?”

ಲೆಕ್ಕ ಹೇಳಬೇಕಾದ್ದು ನಾವು. ಕಾವಿನ ಅವಧಿ ಸುಮಾರು 28ರಿಂದ 30 ದಿನ. ಭರಣಿ ಮಳೆಯ ಹೊತ್ತಿಗೆ, ಏಪ್ರಿಲ್ ಕೊನೆಗೆ ಮೊಟ್ಟೆಯಿಟ್ಟಿದ್ದರೆ ಮೇ ಕೊನೆಗೆ, ರೋಹಿಣಿ ಹುಟ್ಟುವಾಗ ಮರಿ. ಮೆಕ್ಕೆಜೋಳಕ್ಕೆ ನೆಲ ಹಸನು ಮಾಡುವುದು, ಬಿತ್ತುವುದು ಎಲ್ಲ ಆ ದಿನಗಳ ಒಳಗೇ ಬೀಳುತ್ತದೆ. ಹಕ್ಕಿಯ ಕಾಲ, ಬೇಸಾಯದ ಕಾಲ ಎರಡನ್ನೂ ಗೊತ್ತುಮಾಡುವುದು ಅದೇ ಮಳೆ. ಹಿಂದೆ ಎತ್ತಿನ ನೇಗಿಲು ಹೂಡಿದವನು ಕಾಲ ಬುಡವನ್ನು ನೋಡಿಕೊಂಡೇ ನಡೆಯುತ್ತಿದ್ದ, ಹಕ್ಕಿ ಎದ್ದು ಕೂಗಿದರೆ ಒಂದು ಮಾರು ಬಳಸಿ ಹೊಡೆಯಲು ಹೊತ್ತಿರುತ್ತಿತ್ತು. ಈಗ ಎಕರೆಗಟ್ಟಲೆ ಹೊಲ ಗಂಟೆಗಳಲ್ಲಿ ಮುಗಿಯುತ್ತದೆ.

“ಎರಡು ವಾರದ ಮೇಲೆ ಬೇಕಾಗ್ತದೆ” ಎಂದರೆ ಅವರು ತಲೆ ಆಡಿಸುತ್ತಾರೆ. “ಅಷ್ಟು ದಿನ ಹೊಲ ಬಿಡಕ್ಕಾಗಲ್ಲ ಸಾರ್, ಹದ ಹೋಗ್ತದೆ. ಒಂದು ಕೆಲಸ ಮಾಡ್ತೀನಿ. ಅಷ್ಟಗಲ ಬಿಟ್ಟು ಹೊಡಿ ಅಂತೀನಿ.” ಕೈಯಲ್ಲಿ ತೋರಿಸಿದ ಅಗಲ ಒಂದು ಎತ್ತಿನಗಾಡಿ ನಿಲ್ಲುವಷ್ಟು. ಸಾಕು. ಸುತ್ತ ಉಳುಮೆಯಾದರೂ ಟಿಟ್ಟಿಭ ಮೊಟ್ಟೆ ಬಿಟ್ಟುಹೋಗುವುದು ಕಡಿಮೆ. ಟ್ರ್ಯಾಕ್ಟರ್ ದೂರವಾಗುತ್ತಿದ್ದಂತೆ ಬಂದು ಕೂರುತ್ತದೆ.

ನೆದರ್ಲೆಂಡ್ಸ್ ದೇಶದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಇದೇ ಕೆಲಸಕ್ಕೆ ಒಂದು ವ್ಯವಸ್ಥೆಯಿದೆ. ಅಲ್ಲಿ ವಸಂತದ ಮೊದಲ ಟಿಟ್ಟಿಭದ ಮೊಟ್ಟೆ ಹುಡುಕುವುದು ಹಳೆಯ ಪದ್ಧತಿ, ಹುಡುಕಿದ್ದನ್ನು ತಿನ್ನುತ್ತಿದ್ದರು. ಮೊಟ್ಟೆ ಕಂಡುಹಿಡಿಯುವ ಕಣ್ಣು ಪಳಗಿದ ಅದೇ ಜನ ಸ್ವಯಂಸೇವಕರಾಗಿ ರೈತರ ಹೊಲಗಳಲ್ಲಿ ಗೂಡು ಹುಡುಕಿ, ಪಕ್ಕದಲ್ಲಿ ಕಡ್ಡಿ ನೆಡುತ್ತಾರೆ. ರೈತ ಆ ಕಡ್ಡಿ ನೋಡಿ ಬಳಸಿ ಉಳುತ್ತಾನೆ. ನಮ್ಮಲ್ಲಿ ಕಡ್ಡಿ ನೆಡಲು ನಾನು ಒಪ್ಪುವುದಿಲ್ಲ. ಬಯಲಲ್ಲಿ ಹೊಸದಾಗಿ ಎದ್ದ ಕಡ್ಡಿಯ ಮೇಲೆ ಕಾಗೆ ಬಂದು ಕೂರುತ್ತದೆ, ಬೀದಿನಾಯಿ ಮೂಸಿ ನೋಡುತ್ತದೆ. ಎಕ್ಕದ ಗಿಡದಂಥ, ಮೊದಲೇ ಅಲ್ಲಿರುವ ಗುರುತನ್ನು ಯಜಮಾನರಿಗೆ ತೋರಿಸಿದರೆ ಆಯಿತು. ಟ್ರ್ಯಾಕ್ಟರ್ ಹುಡುಗನ ಫೋನ್ ನಂಬರ್ ತೆಗೆದುಕೊಳ್ಳಿ. ಅವನೊಬ್ಬನೇ ಸುತ್ತಲಿನ ಎಷ್ಟೋ ಹೊಲಗಳಿಗೆ ಇಳಿಯುತ್ತಾನೆ. ಅವನಿಗೆ ಗೂಡು ನೋಡುವ ಅಭ್ಯಾಸವಾದರೆ ನಮಗಿಂತ ದೊಡ್ಡ ಸ್ವಯಂಸೇವಕ ಅವನೇ.

ಏಳೂವರೆ. ಗೋಮಾಳದ ಕಡೆ ಹೋಗೋಣ, ಕಾಲುದಾರಿಯಲ್ಲಿ. ಬಲಗಡೆ ನೋಡುತ್ತ ಬನ್ನಿ: ಮೊದಲು ಜೋಳದ ಹೊಲವಾಗಿದ್ದದ್ದು ಈಗ ಅಡಿಕೆ ಸಸಿ, ಸಸಿಗಳ ನಡುವೆ ಶುಂಠಿಯ ಮಡಿ, ಹನಿ ನೀರಾವರಿಯ ಕಪ್ಪು ಪೈಪು. ಅಡಿಕೆ ಹಾಕಿದವರನ್ನು ದೂರಲು ನನಗೆ ಬಾಯಿಲ್ಲ, ಧಾರಣೆ ಇರುವ ಬೆಳೆಗೆ ಯಾರಾದರೂ ಹೋಗುತ್ತಾರೆ. ಆದರೆ ತೋಟ ಎದ್ದ ಮೇಲೆ ಆ ನೆಲ ಬಯಲಿನ ಹಕ್ಕಿಗೆ ಮುಗಿಯಿತು. ನೆಲದ ಮೇಲೆ ಕೂತ ಹಕ್ಕಿಗೆ ನಾಲ್ಕೂ ದಿಕ್ಕು ದೂರದವರೆಗೆ ಕಾಣಬೇಕು. ನೆರಳಿನಲ್ಲಿ ಅದು ಮೊಟ್ಟೆಯಿಡುವುದಿಲ್ಲ.

ಇದು ಗೋಮಾಳ. ಜಂಬಿಟ್ಟಿಗೆ ಕಲ್ಲು, ಬೆರಳುದ್ದದ ಒಣಹುಲ್ಲು, ನಡುನಡುವೆ ಲಂಟಾನ. ಕಂದಾಯದ ಕಡತದಲ್ಲಿ ಇಂಥ ಎಷ್ಟೋ ನೆಲಕ್ಕೆ ಖರಾಬು ಎಂದೇ ಬರೆದಿದೆ. ಇಲ್ಲಿ ನಾವು ಹುಡುಕುವುದು ಹಳದಿ ಟಿಟ್ಟಿಭವನ್ನು. ದಕ್ಷಿಣ ಏಷ್ಯಾಕ್ಕೇ ಸೀಮಿತವಾದ ಹಕ್ಕಿ, ಇವತ್ತಿನ ಎಣಿಕೆಯ ಪಟ್ಟಿಯಲ್ಲಿ ಸಲ್ಲಬೇಕಾದದ್ದು. ಕೆಂಪಿನದಕ್ಕಿಂತ ತುಸು ಸಣ್ಣದು, ಮೈ ಮರಳಿನ ಬಣ್ಣ, ತಲೆಗೆ ಕಪ್ಪು ಟೋಪಿ, ಕೊಕ್ಕಿನ ಬುಡದಿಂದ ಇಳಿಬಿದ್ದ ಹಳದಿ ಮಡಿಕೆ. ಗಲಾಟೆಯ ಹಕ್ಕಿ ಅಲ್ಲ. ಕೆಂಪು ಟಿಟ್ಟಿಭ ನೀರಿನ ಆಸುಪಾಸನ್ನು ಇಷ್ಟಪಡುತ್ತದೆ, ಬೇಕಾದ ಹಾಗೆ ಹೊಂದಿಕೊಳ್ಳುತ್ತದೆ. ಜಲ್ಲಿ ಹಾಸಿದ ರೈಲು ಹಳಿಗಳ ನಡುವೆ, ಕಟ್ಟಡಗಳ ತಾರಸಿಯ ಮೇಲೆ ಅದು ಮೊಟ್ಟೆಯಿಟ್ಟ ದಾಖಲೆಗಳಿವೆ. ಹಳದಿಯದಕ್ಕೆ ಬೇಕಾದದ್ದು ಒಣ ಬಯಲು, ಅದೂ ಮಳೆ ಹಿಡಿಯುವ ಮೊದಲಿನ ಬಿರು ಬೇಸಿಗೆಯಲ್ಲಿ. ಎರಡೂ ಟಿಟ್ಟಿಭವೇ ಅಲ್ಲವೇ, ಒಂದು ಸಿಕ್ಕರೆ ಸಾಕು ಎನ್ನುವ ಮಾತು ನನ್ನೆದುರು ಯಾರಾದರೂ ಆಡಿದರೆ ಅವರನ್ನು ಇಲ್ಲಿಗೆ ಕರೆತರುತ್ತೇನೆ. ಒಂದು ಇರುವುದರಿಂದ ಇನ್ನೊಂದು ಇದೆ ಎಂದಾಗುವುದಿಲ್ಲ.

2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿದ್ದೂ ಇದನ್ನೇ. 30,000ಕ್ಕೂ ಹೆಚ್ಚು ಹವ್ಯಾಸಿಗಳು ಬರೆದ ಸುಮಾರು 3 ಕೋಟಿ ದಾಖಲೆಗಳನ್ನು ಇಟ್ಟುಕೊಂಡು 942 ಜಾತಿಗಳನ್ನು ಅದು ತೂಗಿ ನೋಡಿತು. ಎಲ್ಲಿ ಬೇಕಾದರೂ ಬದುಕಬಲ್ಲ ಹಕ್ಕಿಗಳು ನಿಭಾಯಿಸುತ್ತಿವೆ. ಹುಲ್ಲುಗಾವಲು, ಕುರುಚಲು, ಬಯಲು ನೆಲವನ್ನೇ ನಂಬಿದವು ಇಳಿಯುತ್ತಿವೆ. ಆ 3 ಕೋಟಿಯಲ್ಲಿ ಪ್ರತಿಯೊಂದೂ ಯಾರೋ ಒಬ್ಬರು ಎಲ್ಲೋ ಒಂದು ಕಡೆ ನಿಂತು ಬರೆದ ಸಾಲು. ಮೈಸೂರಿನವರು ಊರನ್ನೇ ಚೌಕ ಚೌಕವಾಗಿ ಹಂಚಿಕೊಂಡು ನಡೆದು ಹಕ್ಕಿ ಭೂಪಟ ಮಾಡಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನೇ ಹಾಗೆ ನಡೆದರು. ನಮ್ಮ ಜಿಲ್ಲೆಯ ಹೊಲಗಳನ್ನು ಹಾಗೆ ನಡೆಯುವುದು ಆಗದ ಕೆಲಸವೇನಲ್ಲ.

ಆಡು ಮೇಯಿಸುವ ಅಜ್ಜಿ ಬಂದರು, ಅವರನ್ನು ಕೇಳೋಣ. ಗೋಮಾಳದ ವಿಷಯದಲ್ಲಿ ಇವರಿಗಿಂತ ಹೆಚ್ಚು ತಿಳಿದವರು ಸಿಗುವುದಿಲ್ಲ.

“ಅಜ್ಜಿ, ಹಳದಿ ಮೂತಿದು, ಸಣ್ಣ ಟಿಟ್ಟಿಭ, ಕಂಡಿದೀರಾ?”

“ಮೂಕ ಹಕ್ಕಿ? ಅಕಾ ಅಲ್ಲಿ, ಗಾಡಿ ಜಾಡಿನ ಪಕ್ಕ. ಮರಿ ಅವೆ ಕಣಪ್ಪ. ನೋಡ್ಕಂಡು ಕಾಲಿಡು.”

ಅಜ್ಜಿ ಕೋಲು ಚಾಚಿದ ಕಡೆ ನಮಗೆ ಕಾಣುವುದು ಬರಿ ಕಲ್ಲು. ದುರ್ಬೀನಿನಲ್ಲಿ ಒಂದೊಂದೇ ಕಲ್ಲನ್ನು ದಾಟುತ್ತ ಹೋಗಿ. ನಿಲ್ಲಿ, ಒಂದು ಕಲ್ಲಿಗೆ ಕಪ್ಪು ಟೋಪಿ ಇದೆ. ತಾಯಿಯೋ ತಂದೆಯೋ ಹೇಳಲಾಗದು, ಎರಡೂ ಒಂದೇ ತೆರ, ಎರಡೂ ಕಾವಿಗೆ ಕೂರುತ್ತವೆ. ಅದು ‘ಟೀ’ ಎಂದು ಒಮ್ಮೆ ಮಾತ್ರ ಕೂಗಿತು. ಅಷ್ಟಕ್ಕೇ ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿವೆ. ಈಗ ನಾವು ಹುಡುಕಿಕೊಂಡು ಹೋದರೆ ಕಾಲಡಿ ಸಿಗುವುದು ಮರಿಯೇ. ಹಿಂದೆ ಸರಿದು ಕೂರೋಣ. ಹತ್ತು ನಿಮಿಷ ಕಳೆಯಲಿ.

ಎದ್ದವು. ಒಂದು, ಎರಡು. ಬೆರಳಿನಷ್ಟು ಮೈ, ಅದಕ್ಕೆ ಒಪ್ಪದ ಉದ್ದ ಕಾಲು, ಕತ್ತಿನ ಹಿಂದೆ ಬಿಳಿ ಪಟ್ಟಿ. ಓಡುತ್ತವೆ, ನಿಲ್ಲುತ್ತವೆ, ನೆಲಕ್ಕೆ ಕುಕ್ಕುತ್ತವೆ. ಮೊಟ್ಟೆ ಒಡೆದು ಹೊರಬಂದ ಮೊದಲ ದಿನದಿಂದಲೇ ಇವು ತಮ್ಮ ಹುಳವನ್ನು ತಾವೇ ಹುಡುಕಿ ತಿನ್ನಬೇಕು. ದೊಡ್ಡವು ಕಾವಲಿರುತ್ತವೆ, ನೆರಳು ಕೊಡುತ್ತವೆ, ತುತ್ತು ಕೊಡುವುದಿಲ್ಲ. ಬರೆಯಿರಿ: ಹಳದಿ ಟಿಟ್ಟಿಭ, ದೊಡ್ಡದು 1, ಮರಿ 2. ಷರಾದಲ್ಲಿ ‘ಜಾಗ ತೋರಿಸಿದ್ದು ಕುರಿ-ಆಡು ಕಾಯುವವರು’ ಎಂದು ಸೇರಿಸಿ. ಅದನ್ನು ಬಿಡಬಾರದು.

ಗಾಡಿ ಜಾಡಿನ ಪಕ್ಕದಲ್ಲಿ ಖಾಲಿ ತಗ್ಗೊಂದಿದೆ. ಬೆರಳಿನಿಂದ ಮೆಲ್ಲಗೆ ಕಲ್ಲುಚೂರು ಸರಿಸಿ. ತಳದಲ್ಲಿ ಸಾಸಿವೆಗಿಂತ ತುಸು ದೊಡ್ಡ ಚಿಪ್ಪಿನ ಚೂರುಗಳಿವೆ ನೋಡಿ. ಮರಿ ಒಳಗಿನಿಂದ ಕುಕ್ಕಿ ಒಡೆದಾಗ ಉದುರಿದ್ದು. ದೊಡ್ಡ ಚಿಪ್ಪುಗಳನ್ನು ಹಕ್ಕಿ ಎತ್ತಿಕೊಂಡು ಹೋಗಿ ದೂರ ಎಸೆದಿರುತ್ತದೆ, ಒಳಗಿನ ಬಿಳುಪು ಹೊಳೆದು ಗುಟ್ಟು ರಟ್ಟಾಗಬಾರದಲ್ಲ. ಖಾಲಿ ಗೂಡು ಎಂದರೆ ಹಾಳಾದ ಗೂಡು ಎಂದು ಬರೆಯುವ ಮೊದಲು ಈ ಚೂರುಗಳನ್ನು ಹುಡುಕಬೇಕು. ಹಳದಿ ಭಂಡಾರ ಚೆಲ್ಲಿದ್ದರೆ ಅಥವಾ ದೊಡ್ಡ ಒಡಕು ಚಿಪ್ಪು ಅಲ್ಲೇ ಬಿದ್ದಿದ್ದರೆ ಯಾವುದೋ ಪ್ರಾಣಿಯ ಕೆಲಸ.

ಹತ್ತು ಗಂಟೆ ಆಗುತ್ತ ಬಂತು, ನೆತ್ತಿ ಸುಡುತ್ತಿದೆ. ಸವಳಂಗದ ಕಡೆ ಹೊರಡುವ ಮುನ್ನ ಮೊದಲ ಹೊಲದ ಕೃಷಿ ಹೊಂಡವನ್ನು ರಸ್ತೆಯಿಂದಲೇ ಒಮ್ಮೆ ನೋಡಿ. ಕೆಂಪು ಟಿಟ್ಟಿಭ ನೀರಿಗೆ ಇಳಿದಿದೆ. ಕುಡಿಯುತ್ತಿಲ್ಲ. ಕಾಲು ಮಡಿಸಿ ಹೊಟ್ಟೆಯನ್ನು ನೀರಿಗೆ ಅದ್ದುತ್ತಿದೆ, ಏಳುತ್ತಿದೆ, ಮತ್ತೆ ಅದ್ದುತ್ತಿದೆ. ಗರಿಯಿಂದ ನೀರು ಸೋರುತ್ತಿರುವಾಗಲೇ ಕೂಳೆಯ ಸಾಲಿಗೆ ಓಡಿತು. ಅಲ್ಲಿ ಕೂತಿದ್ದದ್ದು ಎದ್ದು ಜಾಗ ಬಿಟ್ಟಿತು, ಒದ್ದೆ ಹೊಟ್ಟೆಯದು ಮೊಟ್ಟೆಯ ಮೇಲೆ ಕೂತಿತು. ಈ ಬಿಸಿಲಿನಲ್ಲಿ ಕಾವು ಎಂದರೆ ಬೆಚ್ಚಗಿಡುವುದಲ್ಲ, ತಣ್ಣಗಿಡುವುದು. ಇಳಿಬಿಸಿಲು ಬರುವವರೆಗೆ ಎರಡೂ ಸರದಿಯಲ್ಲಿ ಇದನ್ನೇ ಮಾಡುತ್ತಿರುತ್ತವೆ. ನಾನು ಜನರಿಗೆ ತೋರಿಸಬೇಕೆನ್ನುವುದು ಇದನ್ನು.

ಸವಳಂಗದ ಕೆರೆಯ ಕೆಲಸ ಬೇಗ ಮುಗಿಯುತ್ತದೆ. ನೀರು ಹಿಂದೆ ಸರಿದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಜೊಂಡಿನ ಅಂಚಿನಲ್ಲಿ ದೇವನಕ್ಕಿ. ದೇವನಕ್ಕಿಯಲ್ಲಿ ಕಾವು ಗಂಡಿನ ಪಾಲು, ಆದರೆ ಎಲೆಗಳ ಮೇಲೆ ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ಈಗ ತಲೆ ಎಣಿಸಿದರೆ ಸಾಕು. ಭತ್ತದ ಗದ್ದೆಯ ಬಣ್ಣದ ಉಲ್ಲಂಕಿಗೂ ನಾಟಿ ಮುಗಿಯಲಿ, ಆರಿದ್ರಾ ಕಳೆಯಲಿ, ಸಂಜೆಗತ್ತಲಲ್ಲಿ ಬದುವಿನ ಮೇಲೆ ಕೂತು ಕಿವಿಗೊಡಬೇಕು. ಅದು ಬೇರೆಯದೇ ಕೆಲಸ.

ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಪಟ್ಟಿಗಳನ್ನು ಒಪ್ಪಿಸಿಬಿಡೋಣ. ಮನೆಗೆ ಹೋಗಿ ಮಾಡೋಣ ಎಂದರೆ ಒಂದೆರಡು ಹಕ್ಕಿ ಮರೆತೇ ಹೋಗುತ್ತವೆ. ನೀವು ಮತ್ತೆ ಬರುವವರಾದರೆ ಅಬ್ಬಲಗೆರೆಯಿಂದ ಆಚೆ ರಸ್ತೆಯ ಎಡಬದಿ ನಿಮ್ಮದು, ಬಲಬದಿ ನನ್ನದು. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಬಿತ್ತನೆಯಾದ ಮೇಲೆ ಒಮ್ಮೆ ಅದೇ ಹೊಲಗಳಿಗೆ ಹೋಗಬೇಕು, ಹಕ್ಕಿ ಇಲ್ಲದ ಹೊಲಕ್ಕೂ. ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಹುಡುಗನಿಗೆ ಫೋನ್ ಮಾಡಿ ಎಕ್ಕದ ಗಿಡ ನೆನಪಿಸಿ. ಐದೂವರೆಗೇ ಮಾಡಿ, ಆರಕ್ಕೆಲ್ಲ ಅವನು ಗಾಡಿ ಹತ್ತಿರುತ್ತಾನೆ, ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ.